ಎರಡನೇ ಫೀಸು

ಚಿಪ್ ವಿನ್ಯಾಸದ ಕೆಲಸಕ್ಕೆ ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗದ ಮಕ್ಕಳು ಬೆಂಗಳೂರಿಗೆ ಹೋಗುವುದು ಸಹಜ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಆ ಉದ್ಯೋಗ ಬೇರು ಬಿಟ್ಟದ್ದು ಅಲ್ಲೇ. ಆದರೆ ಕಲಿಯುವುದಕ್ಕೂ ಅಲ್ಲಿಗೇ ಹೋಗಬೇಕೆ? ಚಿತ್ರದುರ್ಗದಲ್ಲಿ ಎಸ್‌ಜೆಎಂ ಕಾಲೇಜಿದೆ, ಚಳ್ಳಕೆರೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಎಲೆಕ್ಟ್ರಾನಿಕ್ಸ್ ಪಠ್ಯದಲ್ಲಿ ಚಿಪ್ ವಿನ್ಯಾಸದ ವಿಷಯವಾದ ವಿಎಲ್‌ಎಸ್‌ಐ ಇದೆ. ಆದರೂ ಪದವಿ ಮುಗಿಸಿದವರಲ್ಲಿ ಎಷ್ಟೋ ಮಂದಿ ಬೆಂಗಳೂರಿನ ಪಿಜಿಯಲ್ಲಿದ್ದು, ತರಬೇತಿ ಕೇಂದ್ರಕ್ಕೆ ಮತ್ತೆ ಹಣ ಕಟ್ಟಿದ ಮೇಲಷ್ಟೇ ವೆರಿಫಿಕೇಶನ್, ಅಂದರೆ ವಿನ್ಯಾಸದ ತಪ್ಪು ಹುಡುಕುವ ಕೆಲಸದ ಬಾಗಿಲು ತಟ್ಟುತ್ತಾರೆ. ಹೊಳಲ್ಕೆರೆಯ ಅಡಿಕೆಯನ್ನೋ ಹಿರಿಯೂರಿನ ಶೇಂಗಾವನ್ನೋ ನಂಬಿದ ಮನೆಗೆ ಈ ಎರಡನೇ ಫೀಸು ಅನ್ಯಾಯದ ಹೊರೆ. ಪದವಿಯಲ್ಲಿ ಕೊರತೆಯಿರುವುದು ಪಾಠದ್ದಲ್ಲ. ತಾನು ಬಿಡಿಸಿದ ಸರ್ಕೀಟು ಚಿಪ್ ಆಗಿ ಕೈಗೆ ಬರುವ ಅವಕಾಶದ್ದು.

ಅಂಥ ಅವಕಾಶ ಹೊಸದಲ್ಲ. 1978ರಲ್ಲಿ ಚಿಪ್ ವಿನ್ಯಾಸದ ತಜ್ಞೆ ಲಿನ್ ಕಾನ್ವೇ ಅಮೆರಿಕದ ಎಂಐಟಿಯಲ್ಲಿ ಪಾಠ ಮಾಡಿದಾಗ ವಿದ್ಯಾರ್ಥಿಗಳ ವಿನ್ಯಾಸಗಳೆಲ್ಲ ಒಂದೇ ವೇಫರನ್ನು (ಚಿಪ್‌ಗಳನ್ನು ತಯಾರಿಸುವ ಸಿಲಿಕಾನ್ ಬಿಲ್ಲೆಯನ್ನು) ಹಂಚಿಕೊಂಡು, ಕೆಲವೇ ವಾರಗಳಲ್ಲಿ ಚಿಪ್‌ಗಳಾಗಿ ಮರಳಿದವು. ಎಂಐಟಿಯ ಮಾತು ನಮಗೇಕೆ ಎನ್ನಬಹುದು. ಅಂದು ಅದು ನಿಜವಾಗಿತ್ತು, ಈಗ ಅಲ್ಲ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ 130 ನ್ಯಾನೋಮೀಟರ್ ತಯಾರಿಕೆಯ ವಿನ್ಯಾಸ ನಿಯಮಗಳನ್ನು ಎಲ್ಲರಿಗೂ ತೆರೆದಿಟ್ಟವು. ವೆರಿಲೇಟರ್, ಓಪನ್‌ರೋಡ್‌ನಂಥ ವಿನ್ಯಾಸ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಕೇಂದ್ರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಡಿ ಬೆಂಗಳೂರಿನ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರ ದುಬಾರಿ ತಂತ್ರಾಂಶಗಳನ್ನು ಕಾಲೇಜುಗಳಿಗೆ ದೂರದಿಂದಲೇ ಒದಗಿಸುತ್ತಿದೆ. ವಿದ್ಯಾರ್ಥಿಗಳ ಚಿಪ್‌ಗಳನ್ನು ಮೊಹಾಲಿಯ ಸರ್ಕಾರಿ ಪ್ರಯೋಗಾಲಯ 180 ನ್ಯಾನೋಮೀಟರಿನಲ್ಲಿ ತಯಾರಿಸಿಕೊಟ್ಟಿದೆ.

ಕಂಪನಿಗಳು 3 ನ್ಯಾನೋಮೀಟರಿಗೆ ಇಳಿದಿರುವಾಗ ಈ ಹಳೆಯ ಅಳತೆಗಳಿಂದ ಏನು ಲಾಭ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಹೊಸಬರು ಎಡವುವುದು ಅಳತೆಯಲ್ಲಲ್ಲ, ಕಾಲದ ಲೆಕ್ಕದಲ್ಲಿ. ಕ್ಲಾಕ್ ಬಡಿಯುವ ತುಸು ಮುಂಚೆಯೂ ತುಸು ನಂತರವೂ ದತ್ತಾಂಶ ಅಲುಗದೆ ನಿಲ್ಲಬೇಕು. ಮೊದಲನೆಯದಾದ ಸೆಟಪ್ ತಪ್ಪಿದರೆ ಕ್ಲಾಕನ್ನು ನಿಧಾನಗೊಳಿಸಿ ಚಿಪ್ಪನ್ನು ಉಳಿಸಿಕೊಳ್ಳಬಹುದು; ಎರಡನೆಯದಾದ ಹೋಲ್ಡ್ ತಪ್ಪಿದರೆ ಕ್ಲಾಕ್ ಎಷ್ಟು ನಿಧಾನವಾದರೂ ಅದು ಉಳಿಯದು. ಈ ನಿಯಮ 180ಕ್ಕೂ ಒಂದೇ, 3ಕ್ಕೂ ಒಂದೇ. ಹೊಸಬರಿಗೆ ಮೊದಲು ವೆರಿಫಿಕೇಶನ್ ವಹಿಸುವುದು ಕೀಳು ಕೆಲಸವೆಂದಲ್ಲ. ಕಾರ್ಖಾನೆಗೆ ಹೋದ ತಪ್ಪನ್ನು ತಿದ್ದಲು ತಿಂಗಳುಗಳೇ ಬೇಕು, ಆದ್ದರಿಂದ ತಪ್ಪು ಹುಡುಕುವವರೇ ಹೆಚ್ಚು ಬೇಕಾಗುತ್ತಾರೆ. ತನ್ನ ಚಿಪ್ ಏಕೆ ಸತ್ತಿತೆಂದು ಒಮ್ಮೆ ಪತ್ತೆ ಹಚ್ಚಿದ ವಿದ್ಯಾರ್ಥಿಗೆ ಆ ಕೆಲಸದ ಅರ್ಥವನ್ನು ಬೇರೆಯವರು ಹೇಳಬೇಕಿಲ್ಲ.

ನಿಜವಾಗಿ ಕಠಿಣವಾದ ಪ್ರಶ್ನೆ ಇನ್ನೊಂದು: ಚಿಪ್ ಮಾಡಿಸದ ಅಧ್ಯಾಪಕರು ಅದನ್ನು ಕಲಿಸುವುದು ಹೇಗೆ? ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವನ್ನೇ ನಡೆಸುತ್ತಿದೆ. ಜಿಲ್ಲೆಯ ಎಲೆಕ್ಟ್ರಾನಿಕ್ಸ್ ಅಧ್ಯಾಪಕರು ಅಲ್ಲಿ ಒಂದು ಪುಟ್ಟ ಚಿಪ್ಪನ್ನು ಮೊದಲಿನಿಂದ ಕೊನೆಯವರೆಗೆ ವಿನ್ಯಾಸ ಮಾಡಿ, ತಯಾರಿಕೆಗೆ ಕಳಿಸಿ, ಬಂದದ್ದನ್ನು ತಾವೇ ಪರೀಕ್ಷಿಸಲಿ. ಮುಂದಿನ ವರ್ಷದ ವೇಫರಿನಲ್ಲಿ ಅವರ ವಿದ್ಯಾರ್ಥಿಗಳಿಗೂ ಜಾಗ ಸಿಗಲಿ.