ಕೊಟ್ಟಿಗೆಯಲ್ಲಿ ನಿಂತ ಅಂಬಾಸಡರ್

ಹೊಳೆನರಸೀಪುರದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಈಗ ಹಸುಗಳಿಲ್ಲ. ಅವು ನಿಲ್ಲುತ್ತಿದ್ದ ಜಾಗದಲ್ಲಿ, ಅವುಗಳಷ್ಟೇ ಸಾಧುವೂ ಅವುಗಳಿಗಿಂತ ಸ್ಥೂಲವೂ ಆದ ಒಂದು ಅಂಬಾಸಡರ್ ಕಾರು 2017ರಿಂದ ನಿಂತಿತ್ತು. ನಮ್ಮ ತಂದೆಯವರು ಅದನ್ನು ಕೊಂಡದ್ದು 1984ರಲ್ಲಿ. ನಾನು ಹುಟ್ಟಿದ್ದು 1988ರಲ್ಲಿ. ವಯಸ್ಸಿನ ಲೆಕ್ಕದಲ್ಲಿ ಅದು ನನಗೆ ಹಿರಿಯಣ್ಣ. ತಂದೆಯವರು ಊರಿನಲ್ಲಿ ವೈದ್ಯರಾಗಿದ್ದವರು. ಹೇಮಾವತಿಯ ಎರಡೂ ದಡದ ಹಳ್ಳಿಗಳಲ್ಲಿ ಸರಿರಾತ್ರಿಯಲ್ಲಿ ಆ ಕಾರಿನ ದೀಪ ಕಂಡರೆ, ಯಾರಿಗೋ ಹೆರಿಗೆ ಕಷ್ಟವಾಗಿದೆಯೆಂದೋ ಯಾರಿಗೋ ಹಾವು ಕಚ್ಚಿದೆಯೆಂದೋ ಜನ ತಿಳಿಯುತ್ತಿದ್ದರು.

ಅಂಬಾಸಡರಿನ ಕುಲಗೋತ್ರಗಳನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಿಂದ ಮೂಡಿ, ಕಲ್ಕತ್ತೆಯ ಬಳಿಯ ಉತ್ತರಪಾಡದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1957ರಿಂದ 2014ರವರೆಗೆ ಹೆಚ್ಚುಕಡಿಮೆ ಒಂದೇ ಮುಖಮುದ್ರೆಯಲ್ಲಿ ತಯಾರಾದ ಗಾಡಿ ಅದು. ನಮ್ಮದು ‘ಮಾರ್ಕ್ 4’; 1489 ಸಿ.ಸಿ. ಪೆಟ್ರೋಲ್ ಇಂಜಿನ್ನಿನದು.

ಅರಕಲಗೂಡು ನಮ್ಮ ತಾಯಿಯ ತವರು. 2017ರ ಒಂದು ಸಂಜೆ ತಂದೆತಾಯಿಗಳಿಬ್ಬರೂ ಅಲ್ಲಿಂದ ಹಿಂದಿರುಗಿದರು. ಕಾರನ್ನು ಕೊಟ್ಟಿಗೆಗೆ ಸೇರಿಸಿ ಒಳಗೆ ಬಂದ ತಂದೆಯವರು ಕೈ ತೊಳೆಯುತ್ತ, “ಹಿಂದಿನ ಆಕ್ಸಲ್ ಹೋಯಿತು. ಇನ್ನು ಇದನ್ನು ಓಡಿಸುವುದು ಅಪಾಯ” ಎಂದರು. ತಾಯಿ ಏನೂ ಹೇಳಲಿಲ್ಲ. ಹಳೆಯ ಸ್ಟೆತಾಸ್ಕೋಪನ್ನು ಇಂಜಿನ್ನಿನ ಮೇಲಿಟ್ಟು ಯಾವ ವಾಲ್ವು ಸಡಿಲವಾಗಿದೆಯೆಂದು ಹೇಳಬಲ್ಲವರು ತಂದೆಯವರು. ಅವರ ರೋಗನಿರ್ಣಯವನ್ನು ಪ್ರಶ್ನಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಾರು ನಿಂತಿತು. 2021ರಲ್ಲಿ ತಾಯಿ ಕಾಲವಾದರು.

ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ, ಅನಂತರ ಐದೈದು ವರ್ಷಕ್ಕೆ. ನಮ್ಮದರ ಅವಧಿ 2019ರಲ್ಲೇ ತೀರಿತ್ತು. ಬೆಂಗಳೂರಿನ ಅಣ್ಣ, “ಗುಜರಿಗೆ ಕೊಟ್ಟುಬಿಡೋಣ” ಎಂದಾಗ ತಂದೆಯವರು ತಟ್ಟನೆ ಒಪ್ಪಿದರು. ಮುರಿದ ಕೊಡೆಯನ್ನೂ ಎಸೆಯದ ಮನುಷ್ಯ ಕಾರನ್ನು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಹಾಸನದಲ್ಲಿ ಅಧ್ಯಾಪಕನಾಗಿರುವ ನಾನು ಅಲ್ಲಿಂದಲೇ ಒಬ್ಬ ಮೆಕಾನಿಕ್ಕನ್ನು ಕರೆತಂದೆ. ಆ ಯುವಕ ಹೊಸ ಬ್ಯಾಟರಿ, ಹೊಸ ಪೆಟ್ರೋಲು ಹಾಕಿ ಹೇಗೋ ಇಂಜಿನ್ನನ್ನು ಎಬ್ಬಿಸಿದ. ಗೇರು ಹಾಕಹೋದರೆ ಕರಕರ ಶಬ್ದ, ಗೇರು ಕೂರಲೊಲ್ಲದು. “ಗೇರ್‌ಬಾಕ್ಸ್ ಹೋಗಿದೆ. ಆಕ್ಸಲ್ ಹೋಗಿದೆ ಅಂತ ನೀವೇ ಹೇಳ್ತೀರಿ. ಅರವತ್ತು ಸಾವಿರ ಆಗುತ್ತೆ ಸಾರ್” ಎಂದು ಹೇಳಿ ಹೊರಟುಹೋದ.

ಆಗ ನೆನಪಾದವರು ಚನ್ನರಾಯಪಟ್ಟಣದ ಸಾಬರು. ಮೂವತ್ತು ವರ್ಷ ಆ ಕಾರನ್ನು ನೋಡಿಕೊಂಡವರು ಅವರೇ. ಈಗ ಮುದುಕರು; ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಬಂದರು.

ಇಂಜಿನ್ನನ್ನು ನಿಲ್ಲಿಸಿ ಸ್ಟೀರಿಂಗಿನ ಪಕ್ಕದ ಗೇರು ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿದರು. ನಾಲ್ಕು ಗೇರುಗಳೂ ಬೆಣ್ಣೆಯಂತೆ ಕುಳಿತವು. “ನೋಡಿ ಮೇಷ್ಟ್ರೇ, ಇಂಜಿನ್ ನಿಂತಾಗ ಬೀಳೋ ಗೇರು ಓಡುವಾಗ ಬೀಳಲ್ಲ ಅಂದ್ರೆ ತಪ್ಪು ಗೇರ್‌ಬಾಕ್ಸಿಂದಲ್ಲ. ಕ್ಲಚ್ ಬಿಡ್ತಾ ಇಲ್ಲ” ಎಂದರು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ತೇವದಿಂದ ಫ್ಲೈವೀಲು ತುಕ್ಕು ಹಿಡಿದು, ಕ್ಲಚ್ ಪ್ಲೇಟು ಅದಕ್ಕೆ ಅಂಟಿಕೊಂಡುಬಿಡುತ್ತದೆಯಂತೆ. ಪೆಡಲನ್ನು ಪೂರ್ತಿ ಒತ್ತಿ, ಅದಕ್ಕೂ ಸೀಟಿಗೂ ನಡುವೆ ಒಂದು ರೀಪರನ್ನು ಸಿಕ್ಕಿಸಿ ರಾತ್ರಿಯೆಲ್ಲ ಹಾಗೆಯೇ ಬಿಟ್ಟರು. ಬೆಳಿಗ್ಗೆ ಹಿಂದಿನ ಚಕ್ರಗಳನ್ನು ನೆಲದಿಂದೆತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟಾಪ್ ಗೇರಿನಲ್ಲಿ ಇಂಜಿನ್ ಓಡಿಸಿ, ಕ್ಲಚ್ ಒತ್ತಿಕೊಂಡೇ ಬ್ರೇಕನ್ನು ಒದ್ದರು. ಫಟ್ಟೆಂದು ಪ್ಲೇಟು ಬಿಟ್ಟಿತು. ಅರವತ್ತು ಸಾವಿರದ ಅರ್ಧ ರೋಗ ಒಂದು ರೀಪರಿನಿಂದ ಗುಣವಾಯಿತು.

ಉಳಿದದ್ದು ಆಕ್ಸಲ್. ಇಂಜಿನ್ನನ್ನು ನಿಲ್ಲಿಸಿ, ಚಕ್ರಗಳನ್ನು ನೆಲಕ್ಕಿಳಿಸಿ, ಅವಕ್ಕೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಸಾಬರು ಗೋಣಿ ಹಾಸಿ ಕಾರಿನ ಕೆಳಗೆ ನುಸುಳಿದರು. ಕುತೂಹಲದಿಂದ ನಾನೂ ನುಸುಳಿದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಶಕ್ತಿಯನ್ನು ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗಳಲ್ಲೂ ಒಂದೊಂದು ಕೀಲು. ಮೆಕಾನಿಕ್ಕುಗಳು ಅದನ್ನು ‘ಕ್ರಾಸ್’ ಎನ್ನುತ್ತಾರೆ. ಗೇರ್‌ಬಾಕ್ಸ್ ಇದ್ದಲ್ಲಿಯೇ ಇರುತ್ತದೆ, ಆಕ್ಸಲಾದರೋ ರಸ್ತೆಯ ಗುಂಡಿಗಳಿಗೆ ತಕ್ಕಂತೆ ಏಳುತ್ತದೆ ಬೀಳುತ್ತದೆ. ಇಬ್ಬರ ನಡುವೆ ಸಂಬಂಧ ಕಡಿಯದಂತೆ ಬಾಗಿ ನಡೆಯುವುದು ಈ ಕೀಲಿನ ಕೆಲಸ. ಹದಿನೇಳನೆಯ ಶತಮಾನದಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಇದರ ಮರ್ಮವನ್ನು ವಿವರಿಸಿದ್ದನಾದ್ದರಿಂದ ಇದಕ್ಕೆ ಹುಕ್ಕನ ಕೀಲೆಂದೂ ಹೆಸರುಂಟು. ಬಾಗಿ ತಿರುಗುವಾಗ ಒಂದೇ ಕೀಲಿದ್ದರೆ ವೇಗ ಸಮನಾಗಿರದೆ ತುಯ್ಯುತ್ತದೆ. ಮೊದಲನೆಯದರ ತಪ್ಪನ್ನು ಎರಡನೆಯದು ಸರಿದೂಗಿಸುತ್ತದೆ. ಪ್ರತಿವರ್ಷವೂ ವಿದ್ಯಾರ್ಥಿಗಳಿಗೆ ಸಂಧಿಪ್ರಕರಣವನ್ನು ಬೋಧಿಸುವ ನನಗೆ, ಸಂಧಿಯೆಂದರೆ ಏನೆಂಬುದು ಗೋಣಿಯ ಮೇಲೆ ಮಲಗಿದಾಗ ಚೆನ್ನಾಗಿ ಅರ್ಥವಾಯಿತು.

ಸಾಬರು ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚಿದರು. ಹಿಂದಿನ ಕೀಲಿನಲ್ಲಿ ಒಂದು ಕವಲು ಮೊದಲು ಅಲುಗಿತು. ಕ್ಷಣ ತಡೆದು ಇನ್ನೊಂದು ಅಲುಗಿತು. “ಟಕ್.” ಸೂಜಿಯಂಥ ಬೇರಿಂಗುಗಳು ಸವೆದಿದ್ದವು, ಒಂದೇ ಜಾಗದಲ್ಲಿ ನಿಂತು ಗ್ರೀಸು ಒಣಗಿ ಇನ್ನಷ್ಟು ಕೆಟ್ಟಿದ್ದವು. ಅನಂತರ ಆಕ್ಸಲಿನ ಎಣ್ಣೆಯನ್ನು ಬಸಿದು ಆಯಸ್ಕಾಂತವನ್ನು ಆಡಿಸಿದರು. ಕಾಡಿಗೆಯಂಥ ಮಸಿ ಮೆತ್ತಿತೇ ಹೊರತು ಒಂದು ಚೂರು ಕಬ್ಬಿಣವೂ ಸಿಕ್ಕಲಿಲ್ಲ. “ಕ್ರೌನು ಪಿನಿಯನ್ನು ಹೋದ್ರೆ ಗಾಡಿ ಓಡುವಾಗ ಊಳಿಡುತ್ತೆ, ಆಕ್ಸಿಲರೇಟರ್ ಬಿಟ್ಟಾಗ ರಾಗ ಬದಲಾಗುತ್ತೆ. ಬೇರಿಂಗ್ ಹೋದ್ರೆ ಗುರ್ರಂತ ಒಂದೇ ಸಮ. ಹೊರಡುವಾಗ ಒಂದು ಸಲ ಟಕ್ ಅಂದ್ರೆ ಕ್ರಾಸು. ಇದೆಲ್ಲ ನಿಮ್ಮ ತಂದೆಯೋರಿಗೆ ನನಗಿಂತ ಚೆನ್ನಾಗಿ ಗೊತ್ತು” ಎಂದರು.

ಅಷ್ಟರಲ್ಲಿ, ಡಿಕ್ಕಿಯಲ್ಲಿ ಸ್ಪ್ಯಾನರು ಹುಡುಕುತ್ತಿದ್ದ ಮೊಮ್ಮಗ ವೃತ್ತಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದ. ಬಿಚ್ಚಿದರೆ ಹೊಚ್ಚ ಹೊಸ ಕ್ರಾಸು! ಪತ್ರಿಕೆ 2017ರದು.

ಸಾಬರು ಅದನ್ನು ತಿರುಗಿಸಿ ನೋಡಿ, “ಇದು ನಾನೇ ಕೊಟ್ಟದ್ದು. ಕ್ರಾಸ್ ಹೋಗಿದೆ, ಒಂದು ತರಿಸಿಕೊಡಿ ಸಾಬರೇ ಅಂತ ಡಾಕ್ಟ್ರೇ ಬಂದಿದ್ರು. ಅರಕಲಗೂಡಿಗೆ ಹೋಗಿಬಂದ ಮೇಲೆ ಹಾಕಿಸ್ತೀನಿ ಅಂದ್ರು. ಆಮೇಲೆ ಬರಲೇ ಇಲ್ಲ” ಎಂದರು.

ನಾನು ಪೊಟ್ಟಣವನ್ನು ಹಿಡಿದು ಒಳಗೆ ಹೋದೆ. ಎಂಬತ್ತರ ಸಮೀಪದ ತಂದೆಯವರು ಕಿಟಕಿಯ ಬಳಿ ಕುಳಿತಿದ್ದರು. ಪೊಟ್ಟಣವನ್ನು ಕೈಗೆ ಕೊಟ್ಟೆ. ಬೆರಳಿನಿಂದ ಸವರಿಯೇ ಅದು ಏನೆಂದು ತಿಳಿದುಕೊಂಡರು. ಬಹಳ ಹೊತ್ತು ಸುಮ್ಮನಿದ್ದರು.

“ಆಕ್ಸಲ್ಲಿಗೆ ಏನೂ ಆಗಿರಲಿಲ್ಲ ಕಣಪ್ಪಾ. ಆ ಸಂಜೆ ಒಬ್ಬ ಹುಡುಗಿ ಸೈಕಲ್ಲು ತಳ್ಳಿಕೊಂಡು ರಸ್ತೆಗೆ ಬಂದಳು. ನನಗೆ ಅವಳು ಕಾಣಲೇ ಇಲ್ಲ. ನಿಮ್ಮಮ್ಮ ಕೂಗಿಕೊಂಡಳು, ಬ್ರೇಕು ಹಾಕಿದೆ. ಒಂದು ಮೊಳ ಅಂತರ.”

ಕಣ್ಣಿನ ಒತ್ತಡದ ರೋಗ, ಗ್ಲಾಕೋಮ. ನೋವಿಲ್ಲದೆ, ಸುಳಿವು ಕೊಡದೆ, ಸಾಮಾನ್ಯವಾಗಿ ಅಂಚಿನ ನೋಟವನ್ನು ಮೊದಲು ತಿನ್ನುವ ರೋಗ. ಹೋದ ನೋಟ ಮರಳುವುದಿಲ್ಲ. ಹನಿ ಔಷಧದಿಂದ ಒತ್ತಡವನ್ನು ತಗ್ಗಿಸಿ ಉಳಿದದ್ದನ್ನು ಕಾಪಾಡಿಕೊಳ್ಳಬಹುದಷ್ಟೆ. ಮರುವಾರವೇ ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು, ಅಂದಿನಿಂದ ಹನಿ ಹಾಕಿಕೊಳ್ಳುತ್ತಿದ್ದರಂತೆ. ಆ ಸಣ್ಣ ಸೀಸೆಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಕಣ್ಣುರಿಯ ಔಷಧವೆಂದು ತಿಳಿದಿದ್ದೆ. ತಾಯಿಗೆ ಎಲ್ಲವೂ ಗೊತ್ತಿತ್ತು.

“ಡಾಕ್ಟರಿಗೆ ಕಣ್ಣು ಕಾಣುವುದಿಲ್ಲ ಎಂದು ಊರಿಗೆ ಹೇಗೆ ಹೇಳಲಿ? ಕಾರಿನ ಮೇಲೆ ಹಾಕಿದೆ. ಅದು ಎದುರು ಮಾತಾಡುವುದಿಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನೀವಿಬ್ಬರೂ ನಲವತ್ತು ದಾಟಿದ ಮೇಲೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಇದು ವಂಶದಲ್ಲಿ ಬರುತ್ತದೆ. ಇದನ್ನು ನಾನು ಯಾವಾಗಲೋ ಹೇಳಬೇಕಾಗಿತ್ತು” ಎಂದರು. ನನಗೆ ಸಿಟ್ಟು ಬಂದದ್ದು ನಿಜ. ಏಳು ವರ್ಷ! ಆದರೆ ಸಿಟ್ಟನ್ನು ತೋರಿಸಲು ಅವರ ಮುಖ ಅವಕಾಶ ಕೊಡಲಿಲ್ಲ. ಅಣ್ಣನಿಗೆ ಆ ರಾತ್ರಿಯೇ ಫೋನು ಮಾಡಿದೆ. ಗುಜರಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ನಲವತ್ತೆರಡು ವರ್ಷದ ಅವನು ಮೊದಲು ಕಣ್ಣಿನ ಡಾಕ್ಟರನ್ನು ಕಾಣುವುದೆಂದು ಒಪ್ಪಿಕೊಂಡ.

ಮಧ್ಯಾಹ್ನವೇ ಸಾಬರು ಹಳೆಯ ಕ್ರಾಸನ್ನು ತಟ್ಟಿ ತೆಗೆದು, ಪೊಟ್ಟಣದ ಹೊಸದನ್ನು ಕೂರಿಸಿ, ಆಕ್ಸಲಿಗೆ ಹೊಸ ಎಣ್ಣೆ ತುಂಬಿದ್ದರು. ನೋಂದಣಿಯಿಲ್ಲದ ಗಾಡಿಯನ್ನು ರಸ್ತೆಗಿಳಿಸಲು ತಂದೆಯವರು ಒಪ್ಪುವವರಲ್ಲವಾದ್ದರಿಂದ ಮನೆಯ ಹಿಂದಿನ ತೆಂಗಿನ ತೋಟದ ದಾರಿಯಲ್ಲೇ ಪರೀಕ್ಷೆ. ನಾನು ಸ್ಟೀರಿಂಗಿಗೆ ಕುಳಿತೆ. ತಂದೆಯವರು ಕೋಲೂರಿಕೊಂಡು ಬಂದು ಎಡಗಡೆಯ ಸೀಟಿನಲ್ಲಿ, ತಾಯಿ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ, ಕುಳಿತರು. ಕಣ್ಣು ಮುಚ್ಚಿ ಕಿವಿಗೊಟ್ಟರು. ಕ್ಲಚ್ ಬಿಟ್ಟೆ. ಶಬ್ದವಿಲ್ಲದೆ ಕಾರು ಮುಂದೆ ಸರಿಯಿತು. ಹಿಂದಕ್ಕೆ ತೆಗೆದೆ; ಮತ್ತೆ ಮುಂದಕ್ಕೆ.

“ಟೈರು ಒಂದು ಕಡೆ ಚಪ್ಪಟೆಯಾಗಿದೆ, ದಡಬಡ ಎನ್ನುತ್ತಿದೆ. ನಾಲ್ಕನ್ನೂ ಬದಲಾಯಿಸು” ಎಂದರು. ಆಮೇಲೆ, “ಕಾಗದಪತ್ರ ಸರಿಮಾಡಿಸಿಕೊಂಡ ಮೇಲೆ ಒಂದು ದಿನ ಅರಕಲಗೂಡಿಗೆ ಹೋಗಿಬರೋಣ. ನೀನೇ ಓಡಿಸು. ಬೆಳಿಗ್ಗೆಯೇ ಹೊರಡೋಣ, ಬೆಳಕಿರುವಾಗ” ಎಂದು ಹೇಳಿ, ಇಳಿಯುವ ಮೊದಲು ಸಾಬರ ಲೆಕ್ಕವೆಷ್ಟಾಯಿತೆಂದು ಕೇಳಿದರು.