ನಾಕನೇ ಗುಳಿಗಿ

ನಮ್ಮನಿಯವರಿಗೆ ರಾತ್ರಿ ಊಟ ಆದಮ್ಯಾಲ ಮೂರು ಗುಳಿಗಿ. ಮೊದಲ ನಾನು ಕ್ಯಾಲೆಂಡರ್ ಹಿಂದ ಬರದು ಇಡತಿದ್ದೆ. ಸಾಫ್ಟ್‌ವೇರ್ ಕೆಲಸದಾಗ ಇರೋ ಮಗಳು ನಮ್ಮನಿ ಸಲವಾಗೇ ಒಂದು ಆ್ಯಪ್ ಮಾಡಿಕೊಟ್ಟಮ್ಯಾಲ ಅದನ್ನ ಬಿಟ್ಟೆ. ಮೊಬೈಲ್ ತಗದ್ರ ಮುಂಜಾನೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಚೌಕ. ಒಂದೊಂದು ಚೌಕದಾಗ ಆ ಹೊತ್ತಿನ ಗುಳಿಗಿ ಹೆಸರು.

ಪಂಚಮಿಗೆ ಬಂದಾಗ ಮಗಳು ಅಪ್ಪನ್ನ ದವಾಖಾನಿಗೆ ಕರಕೊಂಡು ಹೋಗಿದ್ಲು. ಡಾಕ್ಟ್ರು ಬಿಪಿಗಂತ ರಾತ್ರಿಗೆ ಇನ್ನೊಂದು ಗುಳಿಗಿ ಸೇರಿಸಿದ್ರು. ಅದನ್ನ ತಂದು ಡಬ್ಬ್ಯಾಗ ಇಟ್ಟು, ಆ್ಯಪಿನ್ಯಾಗನೂ ಹಾಕಿ, "ಅಮ್ಮಾ, ಎಲ್ಲಾ ಅದರಾಗ ಅದ, ನೋಡಿ ಕೊಡು" ಅಂತ ಹೇಳಿ ಬೆಂಗಳೂರಿಗೆ ಹೋದ್ಲು.

ನಾನು ದಿನಾ ನೋಡಿ ನೋಡಿ ಕೊಟ್ಟೆ. ಹನ್ನೆರಡು ದಿನ ಆದಮ್ಯಾಲ ಡಬ್ಬಿ ಒರಸಲಿಕ್ಕೆ ಹೋದ್ರ, ತಳದಾಗ ಹತ್ತು ಗುಳಿಗಿದೊಂದು ಪಟ್ಟಿ. ಒಂದೂ ಒಡದಿಲ್ಲ. ಎದಿ ಧಸಕ್ಕಂತು ನೋಡ್ರಿ. ದವಾಖಾನಿಗೆ ಓಡಿದ್ವಿ. ಬಿಪಿ ಏರಿತ್ತು. "ಬಿಟ್ಟದ್ದಕ್ಕ ಡಬಲ್ ಕೊಡಬ್ಯಾಡ್ರಿ, ಇವತ್ತಿನಿಂದ ಒಂದೊಂದು ಸುರು ಮಾಡ್ರಿ" ಅಂದ್ರು ಡಾಕ್ಟ್ರು.

ರಾತ್ರಿ ಮಗಳಿಗೆ ಫೋನ್ ಮಾಡಿದೆ. "ಅದರಾಗ ಮೂರ ಅವಲ್ಲ?"

"ಇಲ್ಲಮ್ಮಾ, ನಾಕು ಅವ. ಆ ಚೌಕದಾಗ ಬೆರಳಿಟ್ಟು ಮ್ಯಾಲಕ್ಕ ಸರಸು."

ಸರಸಿದೆ. ನಾಕನೇದ್ದು ಬಂತು. ಆಕಿ ಸುಮ್ಮನಾದ್ಲು. ಆಮ್ಯಾಲ ಸಣ್ಣ ದನಿಲೆ, "ತಪ್ಪು ನಂದಮ್ಮಾ" ಅಂದ್ಲು.

ಐತವಾರ ಬಂದಾಗ ಎಲ್ಲಾ ಬಿಡಿಸಿ ಹೇಳಿದ್ಲು. ಇಡೀ ಪರದೆ ಅಂದ್ರ ಬೆರಳಿನಿಂದ ಸರಸೋ ಒಂದು ದೊಡ್ಡ ಪಟ್ಟಿ. ಅದರೊಳಗ ಚೌಕಕ್ಕೊಂದು ಸಣ್ಣ ಪಟ್ಟಿ, ಅದೂ ಸರಿಯೋದ. ಆಕಿ ಬಳಸಿದ ಫ್ಲಟರ್‌ನ್ಯಾಗ ಹೊರಗಿನ ಪಟ್ಟಿ "ನಿನಗ ಎಷ್ಟು ಎತ್ತರ ಬೇಕು, ತಗೋ" ಅಂತದಂತ. ಒಳಗಿನದು "ನೀ ಎಷ್ಟು ಕೊಡ್ತಿ, ಅಷ್ಟೂ ತಗೋತೀನಿ" ಅಂತದಂತ. ಬೀಗರ ಊಟದಾಗ ಹಂಗ ಅಲ್ಲೇನ್ರಿ? "ಎಷ್ಟು ಬಡಸ್ಲಿ?" ಅಂದ್ರ, "ನೀವು ಬಡಿಸಿದಷ್ಟು." ಲೆಕ್ಕ ಹತ್ತೂದಿಲ್ಲ. ಎತ್ತರಕ್ಕ ಮಿತಿ ಇಲ್ಲ ಅಂತ ಆ್ಯಪ್ ತಪ್ಪು ತೋರಿಸಿ ನಿಂತಬಿಡ್ತದ.

ಆ ತಪ್ಪು ಹೋಗಲಿ ಅಂತ ಆಕಿ ಚೌಕಕ್ಕ 180 ಎತ್ತರ ಅಂತ ಗಟ್ಟಿ ಮಾಡಿಬಿಟ್ಟಿದ್ಲು. ಒಂದು ಸಾಲಿಗೆ 60. ಮೂರು ಸಾಲು ಅಳತಿ ಮಾಡಿದಂಗ ಕೂತ್ವು. ನಾಕನೇದು ಅರ್ಧರೇ ಇಣುಕಿದ್ರ ಕೆಳಗ ಇನ್ನೂ ಏನೋ ಅದ ಅಂತ ನನಗ ತಿಳೀತಿತ್ತು. ಅದೂ ಇಲ್ಲ.

"ಹಾಸಿಗಿ ಇದ್ದಷ್ಟ ಕಾಲು ಚಾಚು ಅಂತ ನಾನ ನಿನಗ ಕಲಿಸೀನಿ ಖರೆ," ಅಂದೆ, "ಆದ್ರ ಇಲ್ಲಿ ಕಾಲಿದ್ದಷ್ಟು ಹಾಸಿಗಿ ಹಾಸಬೇಕಿತ್ತಲ್ಲ?"

ಆಕಿ ನಕ್ಕು, ನನ್ನ ಮುಂದನ ಕೂತು ತಿದ್ದಿದ್ಲು. 180 ತಗದ್ಲು. ಒಳಗಿನ ಪಟ್ಟಿಗೆ ಶ್ರಿಂಕ್‌ರ‍್ಯಾಪ್ ಅಂತ ಒಂದು ಮಾತು ಸೇರಿಸಿದ್ಲು. ತನ್ನೊಳಗಿನ ಸಾಲೆಲ್ಲಾ ಎಣಿಸಿ, ಅಷ್ಟ ಎತ್ತರ ತಗೊ ಅಂತ ಅದರ ಅರ್ಥ. ಒಳಗಿನದು ತಾನಾಗೇ ಸರಿಯೋದನ್ನೂ ನಿಲ್ಲಿಸಿದ್ಲು. ಸರಸಿದ್ರ ಹೊರಗಿನದೊಂದ ಸರೀಬೇಕು. ಸಾವಿರಾರು ಸಾಲು ಇದ್ರ ಎಲ್ಲಾ ಮೊದಲ ಎಣಿಸೋದು ತಡ ಆಗ್ತದ, ಅಲ್ಲಿ ಸ್ಲಿವರ್ ಅಂತ ಬ್ಯಾರೆ ದಾರಿ ಬೇಕಂತ. ನಮ್ಮ ನಾಕು ಗುಳಿಗಿಗೆ ಇದು ಸಾಕು.

ಆದ್ರೂ ನಾ ಪರೀಕ್ಷಾ ಮಾಡದ ಬಿಡಲಿಲ್ಲ. ರಾತ್ರಿ ಚೌಕದಾಗ ಜೀರಗಿ, ಸಾಸಿವಿ, ಮೆಂತೆ ಅಂತ ಇನ್ನೂ ಮೂರು ಬರದೆ. ಏಳೂ ಕಂಡ್ವು. ಅಕ್ಷರ ದೊಡ್ಡವು ಮಾಡಿದೆ, ಚೌಕನೂ ಬೆಳೀತು. ಮಧ್ಯಾಹ್ನಕ್ಕ ಗುಳಿಗಿನ ಇಲ್ಲ. ಮೊದಲ ಅಲ್ಲಿ ಬರೇ ಖಾಲಿ ಜಾಗ ಇರತಿತ್ತು, ಈಗ ಹೆಸರೊಂದ ಉಳದು ಮಡಚಿಕೊಂಡದ.

ಮೂರು ವಾರದಾಗ ಬಿಪಿ ಹದಕ್ಕ ಬಂತು. ಮಗಳು ಮಾತ್ರ ಇನ್ನೂ ದಿನಾ ರಾತ್ರಿ ಫೋನ್ ಮಾಡಿ, "ನಾಕೂ ಕೊಟ್ಯಾ?" ಅಂತ ಕೇಳ್ತಾಳ. ಕೊಟ್ಟೆ ಅಂತೀನಿ. ಆ್ಯಪ್ ನೋಡ್ತೀನಿ, ಪಟ್ಟಿನೂ ಎಣಿಸ್ತೀನಿ. ಕ್ಯಾಲೆಂಡರ್ ಹಿಂದ ಮತ್ತ ಬರದಿಟ್ಟೀನಿ, ಅದನ್ನ ಆಕಿಗೆ ಹೇಳಿಲ್ಲ.