ಮಂಡಕಳ್ಳಿಯ ಅಗ್ಗದ ಟಿಕೆಟ್

ಒಂದು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿ. ಸಣ್ಣ ನಗರಗಳಿಗೆ ಅಗ್ಗದ ವಿಮಾನ ತರುವ ಸರ್ಕಾರದ ಉಡಾನ್ ಯೋಜನೆಯ ಈ ಲೆಕ್ಕದಲ್ಲೇ 2017ರಲ್ಲಿ ಟ್ರೂಜೆಟ್ ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಚೆನ್ನೈಗೆ ಹಾರಿತು. 2019ರಲ್ಲಿ ಅಲಯನ್ಸ್ ಏರ್ ಬಂತು. ಹೈದರಾಬಾದ್, ಕೊಚ್ಚಿ, ಗೋವಾ ಹತ್ತಿರವಾದವು. ಬೆಂಗಳೂರಿಗೂ ವಿಮಾನ! ದೇವನಹಳ್ಳಿಯಲ್ಲಿ ಇಳಿದು ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ರೈಲೇ ವಾಸಿ ಅನ್ನಿಸಿದರೆ ಆಶ್ಚರ್ಯವಿಲ್ಲ.

ಟಿಕೆಟ್ ಇಷ್ಟು ಅಗ್ಗವಾದರೆ ಉಳಿದ ದುಡ್ಡು ಎಲ್ಲಿಂದ? ಕಂಪನಿಯ ಕೊರತೆಯಲ್ಲಿ ನೂರಕ್ಕೆ 20 ಪಾಲು ರಾಜ್ಯದ್ದು. ಮಿಕ್ಕಿದ್ದಕ್ಕೆ ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಲೆವಿ. ಈ ನೆರವೂ ಮೂರೇ ವರ್ಷ.

ಇಂಥ ನೆರವು ಹೊರದೇಶದಲ್ಲಿ ತಗಾದೆಗೂ ಸಿಕ್ಕಿದೆ: ಬೆಲ್ಜಿಯಂನ ಶಾರ್ಲೆರ್ವಾ ನಿಲ್ದಾಣ ಅಗ್ಗದ ವಿಮಾನ ಕಂಪನಿ ರಯಾನ್‌ಏರ್‌ಗೆ ಕೊಟ್ಟ ರಿಯಾಯಿತಿಯ ಒಂದು ಪಾಲು ಅಕ್ರಮವೆಂದು ಯುರೋಪಿಯನ್ ಕಮಿಷನ್ 2004ರಲ್ಲಿ ಹೇಳಿತು. 2008ರಲ್ಲಿ ಕೋರ್ಟು ಆ ಆದೇಶವನ್ನೇ ರದ್ದುಮಾಡಿತು. ಇಲ್ಲಿ ಅಂಥ ತಗಾದೆಯಿಲ್ಲ, ಸರ್ಕಾರವೇ ಬಿಡ್ ಕರೆದು ಕೊಡುತ್ತದೆ.

ಮಂಡಕಳ್ಳಿಯ ತಗಾದೆ ಬೇರೆ: 1,740 ಮೀಟರ್ ರನ್‌ವೇಗೆ ಎಟಿಆರ್‌ನಂಥ ಸಣ್ಣ ವಿಮಾನ ಸರಿ, ದೊಡ್ಡ ವಿಮಾನಕ್ಕೆ ಅದು ಉದ್ದವಾಗಬೇಕು. ಅಡ್ಡಲಾಗಿರುವುದು ನಂಜನಗೂಡು ರಸ್ತೆ.